ಮಿಲ್ಲಿನ ಗೇಟಿಗೆ ಮರ್ಯಾದೆ ಬೇಡವೇ?

ಬೆಂಗಳೂರಿನ ರಾಜಾಜಿನಗರದ ಓದುಗರೊಬ್ಬರ ಪತ್ರ: "ಹಳೆಯ ಮಿಲ್ಲು, ಫ್ಯಾಕ್ಟರಿ ಅಂತ ನಿಮ್ಮ ಪತ್ರಿಕೆ ಆಗಾಗ ಗೋಳಾಡುತ್ತದೆ. ಹೈಕೋರ್ಟ್ ಇರುವ ಅಟ್ಟಾರ ಕಚೇರಿ, ಅರಮನೆ ಉಳಿಸಿ ಅಂದರೆ ಒಪ್ಪುವ ಮಾತು. ಶೀಟಿನ ಶೆಡ್ಡು, ಹೊಗೆ ಕೊಳವೆಯಲ್ಲಿ ಯಾವ ಪರಂಪರೆ ಇದೆ? ಊರು ಬೆಳೆಯಬೇಡವೇ?"

ಸಂಪಾದಕರ ಉತ್ತರ: ಊರು ಬೆಳೆಯಬೇಕು, ನಿಜ. ನಿಂತುಹೋದ ಮಿಲ್ಲು ಯಾರಿಗೂ ಸಂಬಳ ಕೊಡುವುದಿಲ್ಲ. ಬಾಕಿ ಹಣಕ್ಕೆ ಕಾದು ಕೂತ ಕಾರ್ಮಿಕನಿಗೆ ಜಮೀನು ಮಾರುವುದೇ ದಾರಿ ಅಂತಾದರೆ ಬೇಡ ಅನ್ನಲು ನಾನು ಯಾರು? ಇಷ್ಟು ಒಪ್ಪಿಕೊಂಡೆ. ಇನ್ನು ಜಗಳಕ್ಕೆ ಬರೋಣ.

ಅಟ್ಟಾರ ಕಚೇರಿ ಕಟ್ಟಿದ್ದು 1868ರಲ್ಲಿ. ಅದನ್ನೂ ಕೆಡವುವ ಮಾತು ಒಮ್ಮೆ ಎದ್ದಿತ್ತು. ಜನ ಕೋರ್ಟಿಗೆ ಹೋದರು, ಗಲಾಟೆಯಾಯಿತು, ಕಟ್ಟಡ ಉಳಿಯಿತು. ಸಂತೋಷ. ಆ ಕಚೇರಿ ಕಟ್ಟಿದ 16 ವರ್ಷಕ್ಕೆ, 1884ರಲ್ಲಿ, ಪೇಟೆಯ ಪಶ್ಚಿಮಕ್ಕೆ ಒಂದು ಬಟ್ಟೆ ಮಿಲ್ಲು ಶುರುವಾಯಿತು. ಮುಂದೆ ಬಿನ್ನಿ ಮಿಲ್ ಅಂತ ಹೆಸರಾದದ್ದು ಅದೇ. ಸಾವಿರಾರು ಸಂಸಾರಗಳು ಅದರ ಶಿಫ್ಟಿನ ಲೆಕ್ಕದಲ್ಲೇ ಉಂಡು ಮಲಗಿದವು. ಈಗ ಅಲ್ಲಿ ಅಪಾರ್ಟ್‌ಮೆಂಟು, ಮಾಲು. ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲೂ ಮಾಲೇ. ಪಕ್ಕದ ಮೆಟ್ರೋ ನಿಲ್ದಾಣದ ಹೆಸರಿನಲ್ಲೂ ಮಾಲ್ ಬಂದು ಕೂತಿದೆ, ಮಿಲ್ಲಿನ ಸುಳಿವಿಲ್ಲ. ಕಡತ ನೋಡಿದವರ ಕಟ್ಟಡ ಪರಂಪರೆ, ನೂಲು ತೆಗೆದವರ ಕಟ್ಟಡ ಗುಜರಿ. ಇದ್ಯಾವ ನ್ಯಾಯ ಸ್ವಾಮಿ?

ಶೆಡ್ಡು ಅಂತ ಮೂಗು ಮುರಿದಿದ್ದೀರಿ. ಹಳೆಯ ಬಟ್ಟೆ ಮಿಲ್ಲಿನ ಮಾಡು ಎಲ್ಲಾದರೂ ಕಂಡರೆ ಒಂದು ನಿಮಿಷ ನಿಂತು ನೋಡಿ. ಗರಗಸದ ಹಲ್ಲಿನ ಹಾಗೆ ಸಾಲು ಸಾಲು. ಪ್ರತಿ ಹಲ್ಲಿಗೂ ಒಂದು ಪಕ್ಕ ಇಳಿಜಾರು, ಇನ್ನೊಂದು ಪಕ್ಕ ಗಾಜು. ಗಾಜು ಉತ್ತರದ ಕಡೆಗೆ. ಬಿಸಿಲು ಒಳಗೆ ಬೀಳಬಾರದು, ಬೆಳಕು ಮಾತ್ರ ಬರಬೇಕು, ಕಡಿದ ಎಳೆ ಕಣ್ಣಿಗೆ ಕಾಣಬೇಕು. ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದದ್ದೇ 1905ರಲ್ಲಿ. ಅದಕ್ಕೂ ಮುಂಚಿನ ಮಿಲ್ಲುಗಳಿಗೆ ಹಗಲಿನ ಬೆಳಕೇ ಗತಿ. ಕೊಳವೆಯನ್ನೂ ಚೆಂದಕ್ಕೆ ನಿಲ್ಲಿಸಿರಲಿಲ್ಲ, ಕೆಳಗೆ ಉಗಿ ಎಂಜಿನ್ನಿನ ಬಾಯ್ಲರ್ ಉರಿಯುತ್ತಿತ್ತು. ಈಗಿನವರು ನಾಲ್ಕೂ ಕಡೆ ಗಾಜು ಬಡಿದು, ಬಿಸಿಲನ್ನೆಲ್ಲ ಒಳಗೆ ಕರೆದುಕೊಂಡು, ಆಮೇಲೆ ಎಸಿ ಹಾಕುತ್ತಾರೆ.

ಪರಿಚಯದ ಹುಡುಗನೊಬ್ಬ ಕಾನೂನು ಓದುತ್ತಿದ್ದಾನೆ. 1980ರ ಮಿನರ್ವ ಮಿಲ್ಸ್ ತೀರ್ಪು ಅವನಿಗೆ ಬಾಯಿಪಾಠ. ಸಂವಿಧಾನದ ಮೂಲ ಸ್ವರೂಪಕ್ಕೆ ಸಂಸತ್ತು ಕೈಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿದ ಕೇಸು ಅದು. ಆ ಮಿಲ್ಲು ನಮ್ಮೂರಿನದೇ ಕಣೋ ಅಂದರೆ ನಂಬಲಿಲ್ಲ. ಆಮೇಲೆ ಮಿನರ್ವ ಸರ್ಕಲ್ಲಿಗೆ ಹೋಗಿ ಹುಡುಕಿ ಬಂದನಂತೆ! ಆ ಸರ್ಕಲ್ಲಿಗೆ ಹೆಸರು ಕೊಟ್ಟದ್ದು ಸಿನಿಮಾ ಟಾಕೀಸು. ಮಿಲ್ಲಿದ್ದದ್ದು ಮಾಗಡಿ ರಸ್ತೆ ಕಡೆ. ಪಾಠ ಮಾಡುವಾಗ ಯಾರಾದರೂ ಒಂದು ಸಾಲು ಹೇಳಿದ್ದರೆ ಪೆಟ್ರೋಲಾದರೂ ಉಳಿಯುತ್ತಿತ್ತು.

ನನಗೆ ಜಾಸ್ತಿ ಉರಿಯುವುದು ಇನ್ನೊಂದಕ್ಕೆ. ಬೆಂಗಳೂರು ಮೊದಲು ಪಿಂಚಣಿದಾರರ ಊರು, ಆಮೇಲೆ ಐಟಿಯವರ ಊರು ಅಂತ ಎಲ್ಲರೂ ಬರೆಯುತ್ತಾರೆ. ನಡುವೆ ಏನು ಈ ಊರು ನಿದ್ದೆ ಮಾಡುತ್ತಿತ್ತಾ? 1940ರಲ್ಲಿ ವಿಮಾನ ಕಟ್ಟುವ ಎಚ್‌ಎಎಲ್ ಬಂತು, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, ಮರುವರ್ಷ ಎಲೆಕ್ಟ್ರಾನಿಕ್ಸಿನ ಬಿಇಎಲ್. ಹಳ್ಳಿಯಿಂದ ಟ್ರಂಕು ಹೊತ್ತು ಬಂದ ಹುಡುಗ ಇಲ್ಲಿ ಫಿಟ್ಟರಾದ, ಟರ್ನರಾದ, ತಂಗಿ ಮದುವೆ ಮಾಡಿದ, ಸೈಟು ಕೊಂಡ. ಫ್ಯಾಕ್ಟರಿಯ ಕನ್ನಡ ಸಂಘದಲ್ಲಿ ನಾಟಕ ಆಡಿದ, ರಾಜ್ಯೋತ್ಸವಕ್ಕೆ ಚಂದಾ ಎತ್ತಿದ. 1980–81ರಲ್ಲಿ ಈ ಕಾರ್ಖಾನೆಗಳವರು 77 ದಿನ ಮುಷ್ಕರ ಹೂಡಿದರು. ಇವತ್ತಿನ ಎಷ್ಟು ಮಕ್ಕಳಿಗೆ ಗೊತ್ತು? ಶಾಲೆಯ ಟೂರು ಬಸ್ಸು ವಿಧಾನಸೌಧ, ಅರಮನೆ, ಲಾಲ್‌ಬಾಗ್ ಸುತ್ತಿ ಸೀದಾ ಮನೆಗೆ. ಜಾಲಹಳ್ಳಿಯಲ್ಲಿ 2019ರಿಂದ ಎಚ್‌ಎಂಟಿ ಮ್ಯೂಸಿಯಂ ಇದೆ. ತಾತ ದಿನಾ ಬೆಳಗ್ಗೆ ಕೀ ಕೊಡುತ್ತಿದ್ದ ಜನತಾ ವಾಚಿನ ಕಥೆ ಅಲ್ಲಿ ಹೇಳಬಹುದು. ಮೇಷ್ಟ್ರುಗಳಿಗೆ ದಾರಿ ಗೊತ್ತಿರಬೇಕಲ್ವಾ!

ಪತ್ರದ ತುದಿಯಲ್ಲಿ, ಸಣ್ಣಕ್ಷರದಲ್ಲಿ, ನಿಮ್ಮ ತಂದೆ ಐಟಿಐನಲ್ಲಿ ದುಡಿದವರು ಅಂತ ಬರೆದಿದ್ದೀರಿ. ಅದನ್ನೇ ಮೊದಲು ಬರೆಯಬೇಕಿತ್ತು. ನಾಡಿನ ಎಷ್ಟೋ ಮನೆಗಳ ಕಪ್ಪು ಫೋನು ಅವರಂಥವರ ಕೈ ದಾಟಿ ಬಂದದ್ದು. ಅವರ ಗೇಟ್ ಪಾಸೋ, ಶಿಫ್ಟ್ ಬಸ್ಸಿನ ಮುಂದೆ ನಿಂತ ಫೋಟೋವೋ ಇದ್ದರೆ ಕಳಿಸಿ. ಯಾವ ವಿಭಾಗದಲ್ಲಿದ್ದರು, ಏನು ಕೆಲಸ ಅಂತ ಕೇಳಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ಖಾಲಿ ಇಟ್ಟಿದ್ದೇನೆ.