ಹಳೆ ಮನೆ ದುರಸ್ತಿಗೆ ಸಾಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಂಚಿಕೆಯ ಪ್ರಶ್ನೆಗಳೆಲ್ಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳವು. ಒಂದೇ ಥರದ ಪತ್ರಗಳನ್ನು ಸೇರಿಸಿ ಒಂದೇ ಪ್ರಶ್ನೆ ಮಾಡಿದ್ದೇವೆ. ಲೆಕ್ಕದಲ್ಲಿ ಬಳಸಿರುವ ಬಡ್ಡಿದರ ಉದಾಹರಣೆಗೆ ಮಾತ್ರ. ನಿಮ್ಮ ಬ್ಯಾಂಕಿನ ದರ ಹಾಕಿ ಲೆಕ್ಕ ಮಾಡಿಕೊಳ್ಳಿ.

ನಮ್ಮದು 30 ವರ್ಷದ ಆರ್‌ಸಿಸಿ ಮನೆ. ಮಳೆಗಾಲದಲ್ಲಿ ಸ್ಲ್ಯಾಬ್ ಸೋರುತ್ತದೆ, ಒಳಗಿನ ಗಿಲಾವು ಉದುರುತ್ತಿದೆ. ಗೌಂಡಿ ಹಾಳೆಯ ಮೇಲೆ ‘ಒಟ್ಟು ಖರ್ಚು 8 ಲಕ್ಷ’ ಎಂದು ಬರೆದುಕೊಟ್ಟರು. ಬ್ಯಾಂಕಿನವರು ಅದನ್ನು ವಾಪಸ್ ಕೊಟ್ಟರು. ಯಾಕೆ?
– ಗೃಹಿಣಿ, ಶಹಾಪುರ, ಬೆಳಗಾವಿ

ಬ್ಯಾಂಕಿನ ಎಂಜಿನಿಯರ್ ಮನೆಗೆ ಬಂದು ಟೇಪು ಹಿಡಿದು ತಾಳೆ ನೋಡುತ್ತಾರೆ. ‘ಒಟ್ಟು 8 ಲಕ್ಷ’ ಅಂದರೆ ಏನನ್ನು ತಾಳೆ ನೋಡಬೇಕು? ನೋಂದಾಯಿತ ಎಂಜಿನಿಯರ್ ಕಡೆಯಿಂದ ಕೆಲಸವಾರು ಅಂದಾಜು ಪಟ್ಟಿ ಮಾಡಿಸಿ, ಸಹಿ-ಮೊಹರು ಹಾಕಿಸಿ ಕೊಡಿ. ಪ್ರತಿ ಕೆಲಸಕ್ಕೂ ಅಳತೆ, ದರ, ಮೊತ್ತ ಬೇರೆ ಬೇರೆ ಇರಬೇಕು. 10×12 ಅಡಿಯ, 10 ಅಡಿ ಎತ್ತರದ ಕೋಣೆಯ ಗೋಡೆ ಗಿಲಾವು ಎಂದರೆ ಸುತ್ತಳತೆ 44 ಅಡಿ, ವಿಸ್ತೀರ್ಣ 440 ಚದರಡಿ. 3×7 ಬಾಗಿಲಿಗೆ 21, 4×4 ಕಿಟಕಿಗೆ 16 ಕಳೆದರೆ 403 ಚದರಡಿ ಉಳಿಯಿತು. ಪಟ್ಟಿ ಹೀಗಿದ್ದರೆ ಎಂಜಿನಿಯರ್‌ಗೆ ಕತ್ತರಿ ಹಾಕಲು ಜಾಗ ಕಡಿಮೆ.

ನಿಮ್ಮ ಪ್ರಕರಣದಲ್ಲಿ ಮೊತ್ತಕ್ಕಿಂತ ಕೆಲಸದ ಕ್ರಮವೇ ಮುಖ್ಯ. ಸ್ಲ್ಯಾಬಿನ ಬಿರುಕಿನಿಂದ ಇಳಿದ ನೀರು ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ. ತುಕ್ಕು ಹಿಡಿದ ಸರಳು ಉಬ್ಬಿ ಕೆಳಗಿನ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ನಿಮ್ಮ ಮನೆಯಲ್ಲಿ ಉದುರುತ್ತಿರುವುದು ಬರೀ ಗಿಲಾವು ಇರಲಿಕ್ಕಿಲ್ಲ. ಮೇಲಿನ ಸೋರಿಕೆ ಹಾಗೇ ಬಿಟ್ಟು ಕೆಳಗೆ ಹೊಸ ಗಿಲಾವು ಬಳಿದರೆ ಅದೂ ಉದುರುತ್ತದೆ, ಕಂತು ಮಾತ್ರ ನಿಲ್ಲುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಸಡಿಲಾದ ಕಾಂಕ್ರೀಟ್ ಕೆತ್ತುವುದು, ಸರಳಿನ ತುಕ್ಕು ಉಜ್ಜಿ ತುಕ್ಕು ನಿರೋಧಕ ಬಳಿಯುವುದು, ಪಾಲಿಮರ್ ಗಾರೆ ತುಂಬುವುದು, ಮಾಳಿಗೆ ಮೇಲೆ ನೀರು ಹರಿಯುವಂತೆ ಇಳಿಜಾರು ಕೊಟ್ಟು ವಾಟರ್‌ಪ್ರೂಫಿಂಗ್ ಮಾಡುವುದು, ಆಮೇಲೆ ಗಿಲಾವು, ಎಲ್ಲಕ್ಕಿಂತ ಕೊನೆಗೆ ಬಣ್ಣ ಎಂದು ಬಿಡಿಬಿಡಿಯಾಗಿ ಬರಲಿ.

ಕೆತ್ತಿ ನೋಡುವವರೆಗೆ ಒಳಗಿನ ಸ್ಥಿತಿ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೆ ಶೇ 10ರಷ್ಟು ‘ಅನಿರೀಕ್ಷಿತ ಕೆಲಸ’ ಎಂದು ಈಗಲೇ ಸೇರಿಸಿ. ನಡುವೆ ಹಣ ಸಾಲದೆ ಹೋದರೆ ಹೆಚ್ಚುವರಿ ಮೊತ್ತಕ್ಕೆ ಮತ್ತೆ ಮಂಜೂರಾತಿ ಬೇಕು, ಅಷ್ಟರಲ್ಲಿ ಗೌಂಡಿ ಬೇರೆ ಕೆಲಸ ಹಿಡಿದಿರುತ್ತಾರೆ. ದರದಲ್ಲಿ ಜಿಎಸ್‌ಟಿ ಸೇರಿದೆಯೇ ಎಂದೂ ಕೇಳಿ. ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ದರಪಟ್ಟಿ ಇದ್ದರೆ ಹೊಸದು ಕೇಳಿ.

ಸೋಫಾ, ಮಂಚ, ಫ್ರಿಜ್ ಈ ಸಾಲದಲ್ಲಿ ಬರುವುದಿಲ್ಲ. ಗೋಡೆಗೆ ಕೂರಿಸಿದ ಕಪಾಟು, ಫರಸಿ, ವೈರಿಂಗ್, ನಲ್ಲಿ ಕೆಲಸ ಬರುತ್ತವೆ. ಮೇಲೆ ಹೊಸ ಕೋಣೆ ಕಟ್ಟುವುದಾದರೆ ಅದು ವಿಸ್ತರಣೆ ಸಾಲ, ಅದಕ್ಕೆ ಮಂಜೂರಾದ ನಕ್ಷೆ ಬೇಕೇಬೇಕು.

ಸಾಲ ಮಂಜೂರಾಗಿದೆ ಎಂದು ಪತ್ರ ಬಂತು. ಖಾತೆಗೆ ಹಣ ಬಂದಿಲ್ಲ. ಗುತ್ತಿಗೆದಾರರು ಅರ್ಧ ಹಣ ಮುಂಗಡ ಕೊಟ್ಟರೆ ಮಾತ್ರ ಕೆಲಸ ಶುರು ಅನ್ನುತ್ತಾರೆ.
– ನಿವೃತ್ತ ಶಿಕ್ಷಕ, ಗುಳೇದಗುಡ್ಡ

ಈ ಸಾಲದ ಹಣ ಕೆಲಸದ ಬೆನ್ನ ಹಿಂದೆ ಬರುತ್ತದೆ. ಅಂದಾಜು 8 ಲಕ್ಷ, ಬ್ಯಾಂಕ್ ಕೊಡುವುದು ಶೇ 80 ಎಂದುಕೊಳ್ಳಿ. ಸಾಲ ₹6.40 ಲಕ್ಷ, ನಿಮ್ಮ ಪಾಲು ₹1.60 ಲಕ್ಷ. ಮೊದಲು ನಿಮ್ಮ ಪಾಲು ಖರ್ಚಾಗಬೇಕು, ರಸೀದಿ ತೋರಿಸಬೇಕು. ಆಮೇಲೆ ಎಂಜಿನಿಯರ್ ನೋಡಿಹೋದಂತೆ ಹಂತಹಂತವಾಗಿ, ಉದಾಹರಣೆಗೆ ಶೇ 40, 40, 20ರ ಲೆಕ್ಕದಲ್ಲಿ, ಬಿಡುಗಡೆ. ಅಂದರೆ ₹2.56 ಲಕ್ಷ, ಮತ್ತೆ ₹2.56 ಲಕ್ಷ, ಕೊನೆಗೆ ₹1.28 ಲಕ್ಷ. ಸಣ್ಣ ಮೊತ್ತವನ್ನು ಒಂದೇ ಸಲ ಕೊಡುವ ಬ್ಯಾಂಕುಗಳೂ ಇವೆ. ಮಂಜೂರಾತಿ ಪತ್ರದಲ್ಲಿ ಹಂತಗಳನ್ನು, ಮೊದಲ ಕಂತು ಎತ್ತುವ ಗಡುವನ್ನು ಓದಿ ನೋಡಿ.

ಗುತ್ತಿಗೆದಾರರ ಜೊತೆಗಿನ ಕರಾರನ್ನೂ ಅದೇ ಹಂತಗಳಿಗೆ ಹೊಂದಿಸಿ ಬರೆಯಿರಿ. ಅರ್ಧ ಮುಂಗಡ ಬೇಡ. ಸಿಮೆಂಟು, ಕಬ್ಬಿಣಕ್ಕೆ ಅಂಗಡಿಯ ದರಪಟ್ಟಿ ಕೊಟ್ಟು ಹಣವನ್ನು ನೇರ ಅಂಗಡಿಗೇ ಕಳಿಸಿ ಎಂದು ಬ್ಯಾಂಕನ್ನು ಕೇಳಬಹುದು. ಆಗ ಮುಂಗಡ ಕೂಲಿಯಷ್ಟಕ್ಕೇ ನಿಲ್ಲುತ್ತದೆ. ಸೋರಿಕೆ ಕೆಲಸವಾದರೆ ಶೇ 5ರಿಂದ 10ರಷ್ಟನ್ನು ಒಂದು ದೊಡ್ಡ ಮಳೆ ಆಗುವವರೆಗೆ ಹಿಡಿದಿಡಿ.

ಕೆಲಸ ಮುಗಿಯುವವರೆಗೆ ಬಿಡುಗಡೆಯಾದಷ್ಟಕ್ಕೆ ಮಾತ್ರ ಬಡ್ಡಿ. ₹2.56 ಲಕ್ಷಕ್ಕೆ ಶೇ 9.5ರಂತೆ ತಿಂಗಳಿಗೆ ಸುಮಾರು ₹2,027. ಆ ಹಣದಿಂದ ಅಸಲು ಒಂದು ರೂಪಾಯಿಯೂ ಕರಗುವುದಿಲ್ಲ, ಕೆಲಸ ಎಳೆದಷ್ಟೂ ಅದು ನಷ್ಟ. ಮಂಜೂರಾದ ದಿನದಿಂದಲೇ ಬಡ್ಡಿ ಹಚ್ಚಿದ್ದರೆ ಪ್ರಶ್ನಿಸಿ. ಹಣ ನಿಜವಾಗಿ ಕೈಸೇರಿದ ದಿನದಿಂದ ಮಾತ್ರ ಬಡ್ಡಿ ಎಂದು ರಿಸರ್ವ್ ಬ್ಯಾಂಕ್ 2024ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿದೆ.

ಮುಗಿದ ಕೆಲಸಕ್ಕೆ ಹಿಂದಿನಿಂದ ಸಾಲ ಸಿಗುವುದು ಕಷ್ಟ. ಒಡೆಯುವ ಮುಂಚೆಯೇ ಅರ್ಜಿ ಹಾಕಿ, ಫೋಟೊ ತೆಗೆದಿಟ್ಟುಕೊಳ್ಳಿ.

ಮನೆಯ ಉತಾರ (ಖಾತೆಯ ದಾಖಲೆ) ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದೆ. ಕರ ತುಂಬುವುದು ನಾನೇ. ನನ್ನ ಹೆಸರಿಗೆ ಸಾಲ ಸಿಗುತ್ತದೆಯೇ?
– ನೇಕಾರ, ಇಳಕಲ್ಲ

ಈಗಿನ ಸ್ಥಿತಿಯಲ್ಲಿ ಇಲ್ಲ. ಕರದ ಪಾವತಿಯಾಗಲಿ ಉತಾರವಾಗಲಿ ಒಡೆತನದ ಪುರಾವೆ ಅಲ್ಲ. ಬ್ಯಾಂಕಿನ ವಕೀಲರು ಮೊದಲು ಕೇಳುವುದೇ ವಂಶಾವಳಿ. ನಮ್ಮ ಕಡೆ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಅಣ್ಣನೋ ತಮ್ಮನೋ ವಾರಸಾ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಮಾಡಿಸಿ ಉತಾರದಲ್ಲಿ ತನ್ನೊಬ್ಬನ ಹೆಸರು ಏರಿಸಿಕೊಳ್ಳುವುದು. ವಂಶಾವಳಿಯಲ್ಲಿ ಅಕ್ಕ-ತಂಗಿಯರ ಹೆಸರು ಕಂಡ ಕೂಡಲೇ ಕಡತ ಅಲ್ಲೇ ನಿಲ್ಲುತ್ತದೆ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು.

ದಾರಿ ಎರಡು. ಉಳಿದವರು ಉಪನೋಂದಣಿ ಕಚೇರಿಯಲ್ಲಿ ನಿಮ್ಮ ಪರ ಹಕ್ಕು ಬಿಡುಗಡೆ ಪತ್ರವನ್ನೋ, ಎಲ್ಲರೂ ಸೇರಿ ವಾಟ್ನಿ (ಆಸ್ತಿ ವಿಭಜನೆ) ಪತ್ರವನ್ನೋ ನೋಂದಾಯಿಸುವುದು ಒಂದು. ಎಲ್ಲರ ಹೆಸರು ಏರಿಸಿ ಎಲ್ಲರೂ ಸಾಲಪತ್ರಕ್ಕೆ ಸಹಿ ಹಾಕುವುದು ಇನ್ನೊಂದು. ಎರಡನೆಯದರಲ್ಲಿ ಖರ್ಚು ಕಡಿಮೆ. ಆದರೆ ನೀವು ಕಂತು ತಪ್ಪಿಸಿದರೆ ಬ್ಯಾಂಕಿನ ನೋಟಿಸು ಬೇರೆ ಊರಿನಲ್ಲಿರುವ ಅಕ್ಕ-ತಂಗಿಯರ ಮನೆಗೂ ಹೋಗುತ್ತದೆ. ಅದನ್ನು ಮೊದಲೇ ಹೇಳಿಯೇ ಸಹಿ ಕೇಳಿ.

ಊರೊಳಗಿನ ಆಸ್ತಿಗೆ ಸಿಟಿ ಸರ್ವೆಯ ಪ್ರಾಪರ್ಟಿ ಕಾರ್ಡ್ ಮತ್ತು ನಗರಸಭೆಯ ಇ-ಖಾತಾ ಬೇಕು. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ನಮೂನೆ 11ಬಿ ಇದ್ದರೆ ಬಹುತೇಕ ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಋಣಭಾರ ಪತ್ರವನ್ನು (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಇಸಿ) ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಪಡೆಯಬಹುದು.

ನಮ್ಮ ಮನೆ ಸ್ಮಾರಕವೊಂದರ ಹಿಂದಿನ ಓಣಿಯಲ್ಲಿದೆ. ಮಣ್ಣಿನ ಮಾಳಿಗೆ ತೆಗೆದು ಸ್ಲ್ಯಾಬ್ ಹಾಕಲು ಸಾಲ ಬೇಕು.
– ಓದುಗರು, ವಿಜಯಪುರ

ಬ್ಯಾಂಕಿಗಿಂತ ಮೊದಲು ದೂರ ಅಳೆಯಿರಿ. ಕೇಂದ್ರ ಸಂರಕ್ಷಿತ ಸ್ಮಾರಕದ ಸಂರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಗೋಳಗುಮ್ಮಟ, ಬಾರಾ ಕಮಾನ್, ಅಸಾರ್ ಮಹಲ್ ಎಂದು ಊರ ತುಂಬ ಸ್ಮಾರಕಗಳಿರುವುದರಿಂದ ಇದು ಬಹಳ ಓಣಿಗಳಿಗೆ ತಾಗುತ್ತದೆ. 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. 1992ರ ಜೂನ್ 16ಕ್ಕಿಂತ ಮುಂಚಿನ ಕಟ್ಟಡದ ದುರಸ್ತಿಗೆ ಸಕ್ಷಮ ಪ್ರಾಧಿಕಾರಕ್ಕೆ (ಇದಕ್ಕೆಂದೇ ನೇಮಕವಾದ ಅಧಿಕಾರಿಗೆ) ಅರ್ಜಿ ಹಾಕಬಹುದು. ಪ್ರಾಚೀನ ಸ್ಮಾರಕಗಳ ಕಾಯ್ದೆಯಲ್ಲಿ ‘ದುರಸ್ತಿ’ ಎಂದರೆ ಇರುವ ಕಟ್ಟಡದಲ್ಲಿ ಮಾರ್ಪಾಡು, ಕೆಡವಿ ಕಟ್ಟುವುದು ಅದರಲ್ಲಿ ಸೇರುವುದಿಲ್ಲ. ಮಾಳಿಗೆ ಪೂರ್ತಿ ತೆಗೆಯುವುದನ್ನು ಯಾವ ಸಾಲಿಗೆ ಸೇರಿಸುತ್ತಾರೆ ಎಂಬುದನ್ನು ಅವರಿಂದ ಬರಹದಲ್ಲೇ ಪಡೆಯಿರಿ. ಹಳೆಯ ಕರ ರಸೀದಿ, ವಿದ್ಯುತ್ ಬಿಲ್ಲು ಮನೆಯ ವಯಸ್ಸು ತೋರಿಸಲು ಬೇಕಾಗುತ್ತವೆ.

ಇನ್ನೊಂದು ಮಾತು: ಮಣ್ಣು-ಕಲ್ಲಿನ ಗೋಡೆ ಆರ್‌ಸಿಸಿ ಸ್ಲ್ಯಾಬಿನ ಭಾರ ಹೊರುತ್ತದೆಯೇ ಎಂಬ ಪ್ರಮಾಣಪತ್ರವನ್ನು ಬ್ಯಾಂಕ್ ಕೇಳಬಹುದು. ಕೇಳದಿದ್ದರೂ ಮಾಡಿಸಿ. ಎರಿ (ಕಪ್ಪು) ಮಣ್ಣಿನ ಮೇಲೆ ನಿಂತ ಮನೆಯಾದರೆ ಪಾಯ ನೋಡದೆ ಸ್ಲ್ಯಾಬ್ ಹಾಕುವುದು ಬೇಡವೇ ಬೇಡ.

ಕಾಗದಪತ್ರದ ಗೋಜು ಬೇಡ, ಪರ್ಸನಲ್ ಲೋನ್ ತಗೊಂಡರೆ ಆಗದೇ?
– ಓದುಗರು, ಗೋಕಾಕ

₹5 ಲಕ್ಷಕ್ಕೆ 5 ವರ್ಷ ಎಂದು ಹಿಡಿಯಿರಿ. ಶೇ 14ರ ಪರ್ಸನಲ್ ಲೋನಿನ ಕಂತು ₹11,634, ಒಟ್ಟು ಬಡ್ಡಿ ₹1.98 ಲಕ್ಷ. ಶೇ 9.5ರ ದುರಸ್ತಿ ಸಾಲದ ಕಂತು ₹10,501, ಬಡ್ಡಿ ₹1.30 ಲಕ್ಷ. ವ್ಯತ್ಯಾಸ ₹68,000. ₹2 ಲಕ್ಷ ಸಾಲವಾದರೆ ವ್ಯತ್ಯಾಸ ₹27,000 ಆಸುಪಾಸು. ಅದರಲ್ಲಿ ವಕೀಲರ ಶುಲ್ಕ, ಮೌಲ್ಯಮಾಪನ, ಸಂಸ್ಕರಣಾ ಶುಲ್ಕ, ಅಡಮಾನದ ಮುದ್ರಾಂಕ ಶುಲ್ಕ ಕಳೆದರೆ ಉಳಿತಾಯ ಸಣ್ಣದು. ₹2 ಲಕ್ಷದೊಳಗೆ ಪರ್ಸನಲ್ ಲೋನ್ ತಪ್ಪಲ್ಲ ಎಂಬುದು ನಮ್ಮ ಅಭಿಪ್ರಾಯ. ಹಾಗೆಂದು ದುರಸ್ತಿ ಸಾಲವನ್ನು 10 ವರ್ಷಕ್ಕೆ ಎಳೆದರೆ ಕಂತು ₹6,470ಕ್ಕೆ ಇಳಿದರೂ ₹5 ಲಕ್ಷದ ಮೇಲಿನ ಬಡ್ಡಿ ₹2.76 ಲಕ್ಷ ಆಗುತ್ತದೆ, ಪರ್ಸನಲ್ ಲೋನನ್ನೂ ಮೀರುತ್ತದೆ. ಮೊದಲೇ ಗೃಹಸಾಲ ಇದ್ದವರು ಅದೇ ಬ್ಯಾಂಕಿನಲ್ಲಿ ಟಾಪ್-ಅಪ್ (ಇರುವ ಸಾಲದ ಮೇಲೆ ಹೆಚ್ಚುವರಿ ಸಾಲ) ಕೇಳಲಿ, ಕಾಗದಪತ್ರ ಅಲ್ಲೇ ಇರುತ್ತವೆ.

ಬ್ಯಾಂಕು, ಹಣಕಾಸು ಕಂಪನಿಗಳು ಶುಲ್ಕಗಳನ್ನೆಲ್ಲ ಸೇರಿಸಿದ ವಾರ್ಷಿಕ ದರವನ್ನು ಮುಖ್ಯ ಮಾಹಿತಿ ಪತ್ರದಲ್ಲಿ ಕೊಡಬೇಕು. 2024ರ ಅಕ್ಟೋಬರ್ 1ರಿಂದ ಇದು ಕಡ್ಡಾಯ. ಊರಿನ ಸೌಹಾರ್ದ ಸಹಕಾರಿಗಳು ರಿಸರ್ವ್ ಬ್ಯಾಂಕಿನ ಅಡಿ ಬರುವುದಿಲ್ಲ. ಅಲ್ಲಿ ನೀವೇ ಕೇಳಿ ಬರೆಸಿಕೊಳ್ಳಬೇಕು.

ತೆರಿಗೆ ವಿನಾಯಿತಿ ಇದೆಯೇ?
– ಸರ್ಕಾರಿ ನೌಕರ, ಜಮಖಂಡಿ

ಹಳೆಯ ಪದ್ಧತಿಯಲ್ಲಿ, ಸ್ವಂತ ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ ₹30,000ವರೆಗೆ. ಅಸಲಿಗೆ ಇಲ್ಲ. ಹೊಸ ಪದ್ಧತಿಯಲ್ಲಿ ಬಡ್ಡಿಗೂ ಇಲ್ಲ.

ಬೆಳೆಯ ಹಣ ಬಂದಾಗ ಸಾಲ ಮುಂಚೆಯೇ ತೀರಿಸಿದರೆ ದಂಡವೇ? ಮನೆ ಪತ್ರ ಯಾವಾಗ ವಾಪಸ್?
– ರೈತ, ಇಂಡಿ

ಬದಲಾಗುವ ಬಡ್ಡಿದರದ ಸಾಲವಾದರೆ ಬ್ಯಾಂಕ್ ದಂಡ ಹಾಕುವಂತಿಲ್ಲ. ಸ್ಥಿರ ದರವಾದರೆ ಕರಾರು ನೋಡಿ. ಭಾಗಶಃ ತುಂಬುವಾಗ ‘ಕಂತು ಅಷ್ಟೇ ಇರಲಿ, ಅವಧಿ ಕಡಿಮೆಯಾಗಲಿ’ ಎಂದು ಅರ್ಜಿಯಲ್ಲಿ ಬರೆಯಿರಿ, ಬಡ್ಡಿ ಹೆಚ್ಚು ಉಳಿಯುವುದು ಅದರಲ್ಲೇ. ಪೂರ್ತಿ ತೀರಿದ 30 ದಿನದೊಳಗೆ ಮೂಲ ಪತ್ರಗಳನ್ನು ಕೊಡಬೇಕು. ಬ್ಯಾಂಕಿನ ಕಾರಣದಿಂದ ತಡವಾದರೆ ದಿನಕ್ಕೆ ₹5,000 ಪರಿಹಾರ ಕೊಡಬೇಕೆಂಬ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕೈಗೆ ಬಂದ ಮೇಲೆ ಉಪನೋಂದಣಿ ಕಚೇರಿಯಲ್ಲಿ ಅಡಮಾನ ರದ್ದಾದದ್ದು ಋಣಭಾರ ಪತ್ರದಲ್ಲಿ ಕಾಣುತ್ತದೆಯೇ ಎಂದು ಒಮ್ಮೆ ತೆಗೆಸಿ ನೋಡಿ.