ಏಷ್ಯನ್ ಗೇಮ್ಸ್ ಶುರುವಾಗಿದ್ದು ಹೇಗೆ? ಒಲಿಂಪಿಕ್ಸ್ ಇದ್ದಾಗ ಇದು ಯಾಕೆ ಬೇಕಿತ್ತು?

ಸರಳವಾಗಿ ಹೇಳಬೇಕೆಂದರೆ, ಹೊಸದಾಗಿ ಸ್ವತಂತ್ರವಾಗುತ್ತಿದ್ದ ಏಷ್ಯಾದ ದೇಶಗಳಿಗೆ ತಮ್ಮದೇ ಒಂದು ಅಂಗಳ ಬೇಕಿತ್ತು. 1948ರ ಲಂಡನ್ ಒಲಿಂಪಿಕ್ಸ್ ಸಮಯದಲ್ಲಿ ಭಾರತದ ಕ್ರೀಡಾ ಆಡಳಿತಗಾರ ಗುರುದತ್ ಸೋಂಧಿ ಈ ವಿಚಾರವನ್ನು ಬೇರೆ ಏಷ್ಯನ್ ತಂಡಗಳ ಮುಂದಿಟ್ಟರು. ಮರುವರ್ಷ ದೆಹಲಿಯಲ್ಲಿ ಏಷ್ಯನ್ ಗೇಮ್ಸ್ ಒಕ್ಕೂಟ ಹುಟ್ಟಿತು. 1950ರಲ್ಲೇ ದೆಹಲಿಯಲ್ಲಿ ಮೊದಲ ಕೂಟ ನಡೆಯಬೇಕಿತ್ತು, ತಯಾರಿ ಮುಗಿಯದೆ 1951ರ ಮಾರ್ಚ್‌ಗೆ ಹೋಯಿತು. (ನಮ್ಮ ಕಡೆ ಕೆಲಸ ತಡವಾಗೋದು ಹೊಸದೇನಲ್ಲ, ಅಲ್ವಾ!)

ಬಂದಿದ್ದು ಬರೀ 11 ದೇಶಗಳು. ಆದರೆ ಅದರಲ್ಲಿ ಜಪಾನ್ ಇತ್ತು ನೋಡಿ, ಅದೇ ದೊಡ್ಡ ವಿಷಯ. ಯುದ್ಧದ ಕಾರಣಕ್ಕೆ ಲಂಡನ್ ಒಲಿಂಪಿಕ್ಸ್‌ಗೆ ಜಪಾನನ್ನು ಕರೆದಿರಲಿಲ್ಲ. ದೆಹಲಿ ಕರೆಯಿತು. ಅವರು ಬಂದು ಎಲ್ಲರಿಗಿಂತ ಜಾಸ್ತಿ ಚಿನ್ನ ಗೆದ್ದುಕೊಂಡು ಹೋದರು. ಭಾರತ ಎರಡನೇ ಸ್ಥಾನ.

ನನಗೆ ಇಷ್ಟವಾಗುವುದು ಫುಟ್‌ಬಾಲ್ ಫೈನಲ್. ಇರಾನ್ ಎದುರು ಮೇವಾಲಾಲ್ ಹೊಡೆದ ಒಂದೇ ಗೋಲು, 1-0, ಚಿನ್ನ ನಮ್ಮದು. ಆ ತಂಡದಲ್ಲಿ ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಕೂಡ ಇದ್ದರು. ಮೂರು ವರ್ಷದ ಹಿಂದೆ ಲಂಡನ್‌ನಲ್ಲಿ ಬರಿಗಾಲಲ್ಲಿ ಆಡಿದ್ದವರು ಅವರು.

ಇನ್ನು ಒಲಿಂಪಿಕ್ಸ್ ಇದ್ದರೂ ಇದು ಯಾಕೆ ಬೇಕು ಅನ್ನುವ ಮಾತು. ಒಲಿಂಪಿಕ್ಸ್‌ನಲ್ಲಿ ಇವತ್ತಿಗೂ ಕಬಡ್ಡಿಗೆ ಜಾಗವಿಲ್ಲ. ಏಷ್ಯನ್ ಗೇಮ್ಸ್‌ನಲ್ಲಿ 1990ರ ಬೀಜಿಂಗ್‌ನಿಂದ ಅದಕ್ಕೆ ಪದಕ ಕೊಡುತ್ತಿದ್ದಾರೆ. ಸೆಪಕ್‌ಟಕ್ರಾ, ಅಂದರೆ ಕಾಲಲ್ಲಿ ಆಡುವ ವಾಲಿಬಾಲ್ ಥರದ ಆಟ, ಅದೂ ಅಲ್ಲಿದೆ. ಈ ಕೂಟ ಸುಮ್ನೆ ಚಿಕ್ಕ ಒಲಿಂಪಿಕ್ಸ್ ಅಲ್ಲ ಅನ್ನುವುದು ಅದಕ್ಕೇ.