ತೊಟ್ಟಿಲು, ಕುರ್ಚಿ, ಹೊರಸು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಜ್ಜಿಯ ಕಾಲದ ಕಿನ್ನಾಳ ತೊಟ್ಟಿಲಿನ ಬಣ್ಣ ಎದ್ದು ಉದುರುತ್ತಿದೆ. ಮಗಳ ಬಾಣಂತನಕ್ಕೆ ಬೇಕು. ಉಜ್ಜಿ ಆಯಿಲ್ ಪೇಂಟ್ ಬಳಿಸಬಹುದೇ?
– ಓದುಗರು, ಗಂಗಾವತಿ

ಉತ್ತರ: ದಯವಿಟ್ಟು ಬಳಿಸಬೇಡಿ. ಕೊಪ್ಪಳ ಪಕ್ಕದ ಕಿನ್ನಾಳದ ಚಿತ್ರಗಾರರು ಮರದ ಮೇಲೆ ನೇರವಾಗಿ ಬಣ್ಣ ಹಾಕುವುದಿಲ್ಲ. ನೆನೆಸಿ, ಒಣಗಿಸಿ, ಪುಡಿ ಮಾಡಿದ ಗೋಣಿನಾರನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿದ್ದು ಕಿಟ್ಟ. ಅದನ್ನು ಮೊದಲು ಮೆತ್ತಿ, ಮೇಲೆ ಅರಿವೆ ಚೂರು ಅಂಟಿಸಿ, ಆಮೇಲೆ ಕಲ್ಲಿನ ಪುಡಿ ಮತ್ತು ಗೋಂದಿನ ಲೇಪ ಕೊಟ್ಟು, ಕೊನೆಗೆ ಬಣ್ಣ. ಈ ಅಂಟಿಗೆ ನೀರು ಆಗದು. ಒದ್ದೆ ಬಟ್ಟೆಯಿಂದ ಒರೆಸಿದಾಗ ಬಿರುಕಿನೊಳಗೆ ನೀರಿಳಿದು ಲೇಪ ಉಬ್ಬುತ್ತದೆ, ಬಣ್ಣ ಹಕ್ಕಳೆಯಾಗಿ ಬೀಳುತ್ತದೆ. ಸಡಿಲ ಪದರದ ಮೇಲೆ ಆಯಿಲ್ ಪೇಂಟ್ ಹಚ್ಚಿದರೆ ಒಣಗುವಾಗ ಅದು ಹಳೆಯದನ್ನೂ ಎಳೆದುಕೊಂಡು ಕಿತ್ತು ಬರುತ್ತದೆ. ಚಿನ್ನದಂತೆ ಹೊಳೆಯುವ ಭಾಗ ಬಹುಮಟ್ಟಿಗೆ ತವರದ ಲೇಪ. ಕಲ್ಲಿನಿಂದ ಉಜ್ಜಿ ಹೊಳಪು ತಂದು ಮೇಲೆ ಹಳದಿ ಬಣ್ಣ ಕೊಟ್ಟದ್ದು. ಒಮ್ಮೆ ಪೇಂಟಿನಡಿ ಹೋದರೆ ಆ ಹೊಳಪು ಮರಳಿ ಬರದು.

ಉಜ್ಜುಕಾಗದವನ್ನಂತೂ ಮುಟ್ಟಲೇಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಅದರ ಧೂಳು ಗರ್ಭಿಣಿಗೂ ಕೂಸಿಗೂ ಅಪಾಯ. ಒಣ ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದು, ಉದುರಿದ ಚೂರುಗಳನ್ನು ಕಾಗದದಲ್ಲಿ ಕಟ್ಟಿಟ್ಟು ಕಿನ್ನಾಳಕ್ಕೇ ಒಯ್ಯಿರಿ. ಬಣ್ಣ ಉದುರುವುದು ನಿಲ್ಲುವವರೆಗೆ ಕೂಸನ್ನು ಅದರಲ್ಲಿ ಮಲಗಿಸಬೇಡಿ. ದುರಸ್ತಿಯಾದ ಮೇಲೂ ಕೂಸಿನ ಬಾಯಿ ತಾಗುವ ಅಂಚಿಗೆಲ್ಲ ದಪ್ಪ ಹತ್ತಿಬಟ್ಟೆ ಸುತ್ತಿ ಹೊಲಿಯಿರಿ. ಸರಪಳಿ, ಕೊಂಡಿ ಸವೆದಿವೆಯೇ ನೋಡಿ, 20 ಕೆಜಿ ಅಕ್ಕಿಚೀಲ ಇಟ್ಟು ಒಂದು ರಾತ್ರಿ ತೂಗುಹಾಕಿ ಪರೀಕ್ಷಿಸಿ.

ಪ್ರಶ್ನೆ: ಬಾಗಿದ ಬೆನ್ನಿನ, ದುಂಡನೆ ಬೆತ್ತದ ಸೀಟಿನ ಹಳೆ ಕುರ್ಚಿ ಇದೆ. ಯಾವ ಕಾಲದ್ದು? ಅಲುಗಾಡುತ್ತದೆ.
– ಓದುಗರು, ರಾಯಚೂರು

ಉತ್ತರ: ಕುರ್ಚಿ ಎಂಬ ವಸ್ತುವೇ ಬಲು ಹಳೆಯದು. 1922ರಲ್ಲಿ ಸಿಕ್ಕ, ಸುಮಾರು 3,300 ವರ್ಷ ಹಿಂದಿನ ಈಜಿಪ್ಟಿನ ದೊರೆ ತುತಾಂಖಾಮುನ್ ಗೋರಿಯಲ್ಲಿ ಕುರ್ಚಿಗಳಷ್ಟೇ ಅಲ್ಲ, ಮಡಚುವ ಮಂಚವೂ ಇತ್ತು. ನಮ್ಮ ಪಡಸಾಲೆಗಳಲ್ಲಿ ಮಾತ್ರ ಕಟ್ಟೆ, ಜಮಖಾನ, ಮಣೆಯೇ ಸಾಕಾಗಿದ್ದವು. ಗೋಡೆಯ ಮಾಡವೇ ಕಪಾಟು.

ನಿಮ್ಮದು ಯುರೋಪಿನ ಕುರ್ಚಿ ತಯಾರಕ ಮೈಕೆಲ್ ಥೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯ ಮಾದರಿ. ಬೀಚ್ ಮರವನ್ನು ಹಬೆಯಲ್ಲಿ ಬಾಗಿಸಿದ 6 ತುಂಡು, 10 ಸ್ಕ್ರೂ, 2 ನಟ್, ಇಷ್ಟೇ. ಬಿಚ್ಚಿದರೆ ಒಂದು ಘನಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು, ಹಾಗಾಗಿ ಹಡಗೇರಿ ಲೋಕವೆಲ್ಲ ಸುತ್ತಿತು. ಬೇರೆ ಕಾರ್ಖಾನೆಗಳೂ ಇದೇ ನಮೂನೆ ಮಾಡಿದ್ದರಿಂದ ನೋಟದಿಂದಲೇ ಇಸವಿ ಹೇಳಲಾಗದು. ಬೋರಲು ಹಾಕಿ, ಸೀಟಿನ ಬಳೆಯ ಒಳಮೈಯಲ್ಲಿ ಮುದ್ರೆಯೋ ಚೀಟಿಯೋ ಇದೆಯೇ ಹುಡುಕಿ.

ಅಲುಗಾಟಕ್ಕೆ ಮೊಳೆ ಹೊಡೆದರೆ ಮರ ಸೀಳುತ್ತದೆ. ಸ್ಕ್ರೂ ಬಿಗಿಮಾಡಿ, ತೂತು ದೊಡ್ಡದಾಗಿದ್ದರೆ ಬಿದಿರಿನ ಸಿಬಿರಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಂದು ದಿನ ಬಿಟ್ಟು ಮತ್ತೆ ಸ್ಕ್ರೂ ಹಾಕಿ. ಬೆತ್ತ ಹರಿಯದೆ ಬರೀ ಜೋತಿದ್ದರೆ ಕೆಳಗಿನಿಂದ ಬಿಸಿನೀರಿನ ಬಟ್ಟೆ ಒತ್ತಿ ನೆರಳಲ್ಲಿ ಒಣಗಿಸಿ, ಬಿಗಿಯಾಗುತ್ತದೆ.

ಪ್ರಶ್ನೆ: 6 ಅಡಿ ಉದ್ದ, 3 ಅಡಿ ಅಗಲದ ಹೊರಸಿಗೆ ನವಾರ ಎಷ್ಟು ಬೇಕು?
– ಓದುಗರು, ಸಿರುಗುಪ್ಪ

ಉತ್ತರ: 3 ಇಂಚಿನ ಪಟ್ಟಿಯಾದರೆ 45 ಮೀಟರ್ ತನ್ನಿ. ಕಾಲ ಕಡೆ 1 ಅಡಿ ಬಿಟ್ಟು ಅಡ್ಡಗೋಲು ಇಟ್ಟು, ಅದನ್ನು ಹುರಿಯಿಂದ ಚೌಕಟ್ಟಿಗೆ ಎಳೆದು ಕಟ್ಟಿ. ಉದ್ದಕ್ಕೆ 12 ಸಾಲು, ಅಡ್ಡಕ್ಕೆ 20 ಸಾಲು ಬರುತ್ತದೆ. ಪೂರ್ತಿ ನವಾರವನ್ನೇ ಹೆಣೆದು ಹುರಿ ಬಿಟ್ಟರೆ, ನಡು ಜೋತಾಗ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಹುರಿ ಇದ್ದರೆ ಅದನ್ನಷ್ಟೇ ಜಗ್ಗಿದರೆ ಸಾಕು.